ಕರಡಿ ಆಟ

ಕರಡಿ ಹಿಂದೆಂದೋ ಕೆದರಿದ ಹುತ್ತವನ್ನು ತೋರಿಸಿ, ಟೀಚರ್ ಎರಡನೇ ಕ್ಲಾಸಿನ ಮಕ್ಕಳನ್ನು ಗುಡ್ಡದ ಬಂಡೆಗಳ ನಡುವೆ ಕೂರಿಸಿಕೊಂಡು ಕತೆ ಹೇಳಿದ್ದಳು. ಕತೆಯೊಳಗೆ ಒಂದು ಆಟ. ಅವಳು ‘ಕರಡಿ ಬಂತು’ ಎಂದರೆ ಎಲ್ಲರೂ ಅಲ್ಲಲ್ಲೇ ಅಡಗಿ ಕಲ್ಲಾಗಬೇಕು. ‘ಕರಡಿ ಹೋತು’ ಎನ್ನುವವರೆಗೆ ಯಾರು ಕರೆದರೂ ಓ ಅನ್ನಬಾರದು.

ಗುಡ್ಡ ಇಳಿದು ನೋಡಿದರೆ ಮಕ್ಕಳಲ್ಲಿ ಗಾಳೆಮ್ಮ ಇಲ್ಲ.

ಎಲ್ಲರೂ ಮತ್ತೆ ಮೇಲೆ ಹತ್ತಿದರು. ಕೂಗಿ ಕೂಗಿ ಟೀಚರ ಗಂಟಲು ಬಿದ್ದುಹೋಯಿತು. ಮುಳ್ಳುಪೊದೆಗೆ ಸಿಕ್ಕಿ ಸೀರೆ ಹರಿದದ್ದೂ ಅವಳಿಗೆ ತಿಳಿಯಲಿಲ್ಲ. ಹೊತ್ತು ಮುಳುಗುತ್ತಿತ್ತು.

“ಅವರವ್ವಗ ನಾ ಏನಂತ ಹೇಳ್ಲಿ?” ಎಂದು ಕುಸಿದು ಕೂತಳು.

ಗಾಳೆಮ್ಮನ ಗೆಳತಿ ಟೀಚರ ಸೆರಗು ಜಗ್ಗಿದಳು.

“ಟೀಚರ್, ಮಳಿ ಹನಿ ಬಿತ್ತಂತ ನೀವು ಎಲ್ಲಾರ್ನೂ ಎಬ್ಬಿಸಿ ಓಡ್ರಿ ಅಂದ್ರಿ. ‘ಕರಡಿ ಹೋತು’ ಅನ್ಲೇ ಇಲ್ರಿ.”

ಟೀಚರಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು, ಅಳುತ್ತ ನಗುತ್ತ ಕೂಗಿದಳು.

“ಗಾಳೆಮ್ಮಾ, ಕರಡಿ ಹೋತವ್ವಾ! ಎದ್ದು ಬಾ!”

ಪಕ್ಕದ ಬಂಡೆಯ ಹಿಂದಿನಿಂದ ಗಾಳೆಮ್ಮನ ಪಿಸುದನಿ ಬಂತು.

“ಹೋಗಿಲ್ರಿ ಟೀಚರ್. ಇನ್ನೂ ಇಲ್ಲೇ ಐತಿ.”