ಗ್ರಾಫಿನ ಕೆಳಗಿನ ಗೆರೆ

ಮನೆಯಲ್ಲಿ ವಯಸ್ಸಾದವರು ಇದ್ದರೆ ಇದನ್ನು ಅರ್ಧಕ್ಕೆ ಬಿಡಬೇಡಿ...

ಹುಬ್ಬಳ್ಳಿ ಕಡೆಯ ಒಂದು ಆಸ್ಪತ್ರೆ. ಅಲ್ಲಿಯ ಮರೆವಿನ ಕಾಯಿಲೆಯ ವಿಭಾಗಕ್ಕೆ ಫಕೀರವ್ವ ಎಂಬ ಅಜ್ಜಿಯನ್ನು ಮಗ ಕರೆತಂದಿದ್ದ.

ಒಂದೆರಡು ಸಲ ಹಾಲು ಉಕ್ಕಿಸಿದ್ದಳು... ಒಮ್ಮೆ ಕನ್ನಡಕ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕಿದ್ದಳು... ಅಷ್ಟೇ. ಆದರೂ ಮಗನಿಗೆ ಭಯ.

ಅಲ್ಲಿ ಅಜ್ಜಿಗೆ ಒಂದು ಟೆಸ್ಟ್ ಮಾಡಿದರು.

ಇವತ್ತು ಎಷ್ಟನೇ ತಾರೀಖು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ... ಈ ಚಿತ್ರ ನೋಡಿ ಹಾಗೇ ಬಿಡಿಸಿ... ಒಂದು ವಾಕ್ಯ ಬರೆಯಿರಿ...

ಶಾಲೆಯ ಮೆಟ್ಟಿಲನ್ನೇ ಹತ್ತದ ಫಕೀರವ್ವ, ಪೆನ್ಸಿಲ್ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಳು.

ಅಂಕ ತೀರಾ ಕಡಿಮೆ ಬಂತು. ಮರೆವಿನ ಕಾಯಿಲೆ ಶುರುವಾಗಿದೆ ಎಂದು ರಿಪೋರ್ಟ್ ಕೊಟ್ಟರು.

ಅವತ್ತಿನಿಂದ ಮನೆಯಲ್ಲಿ ಎಲ್ಲವೂ ಬದಲಾಯಿತು.

"ಯವ್ವಾ, ಗ್ಯಾಸ್ ಮುಟ್ಟಬ್ಯಾಡ... ಯವ್ವಾ, ಒಬ್ಬಾಕೀನ ಸಂತಿಗೆ ಹೋಗಬ್ಯಾಡ..." ಮಗ ಹೇಳಿದ್ದೆಲ್ಲ ಪ್ರೀತಿಯಿಂದಲೇ.

ಆದರೆ ಅಜ್ಜಿ ಒಳಗೊಳಗೇ ಕುಗ್ಗಿಹೋದಳು. ಯಾರಾದರೂ "ಮೊಮ್ಮಕ್ಕಳು ಎಷ್ಟು ಮಂದಿ?" ಎಂದು ಕೇಳಿದರೂ ಮೊದಲು ಸೊಸೆಯ ಮುಖ ನೋಡುತ್ತಿದ್ದಳು.

ಉತ್ತರ ಗೊತ್ತಿತ್ತು... ತನ್ನ ಮೇಲೆ ನಂಬಿಕೆ ಇರಲಿಲ್ಲ.

ಮುಂದಿನ ತಪಾಸಣೆಗೆ ಕರೆದುಕೊಂಡು ಬಂದವಳು ಸೊಸೆ ಕಸ್ತೂರಿ.

ಆ ವಿಭಾಗದಲ್ಲಿ ರೇಷ್ಮಾ ನದಾಫ್ ಎಂಬ ಹುಡುಗಿ ಸಂಖ್ಯಾಶಾಸ್ತ್ರ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಟೆಸ್ಟಿನ ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಲೆಕ್ಕ ನೋಡುವುದು ಅವಳ ಕೆಲಸ.

ಕಸ್ತೂರಿ ಅವಳ ಟೇಬಲ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು...

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮತ್ತಿಗೆ ಮರವು ಬಂದೈತಿ ಅಂದ್ರ ನನಗ ನಂಬಿಕಿ ಬರವಲ್ದು. ಯಾವ ಡಬ್ಬ್ಯಾಗ ಏನೈತಿ ಅಂತ ನನಗಿಂತ ಚಲೋ ಅವ್ರಿಗೇ ಗೊತ್ತೈತ್ರಿ. ನಿಮ್ಮ ಟೆಸ್ಟ್ ಒಂದ್ಸಲ ನೋಡ್ರಲ್ಲ."

ರೋಗಿಯನ್ನು ನೋಡಿ ಅಂದಿರಲಿಲ್ಲ ಅವಳು... ಟೆಸ್ಟ್ ನೋಡಿ ಅಂದಿದ್ದಳು.

ಆ ಮಾತು ರೇಷ್ಮಾಳ ತಲೆಯಲ್ಲಿ ಕೂತುಬಿಟ್ಟಿತು.

ಪ್ರಶ್ನೆಗಳನ್ನೇ ಪರೀಕ್ಷೆ ಮಾಡುವ ಒಂದು ಲೆಕ್ಕ ಇದೆ. ಉಳಿದ ಪ್ರಶ್ನೆಗಳಲ್ಲಿ ಸರಿಸಮ ಇರುವ ಇಬ್ಬರಿಗೆ, ಯಾವುದೇ ಒಂದು ಪ್ರಶ್ನೆಯಲ್ಲೂ ಸರಿಯುತ್ತರ ಕೊಡುವ ಅವಕಾಶ ಸರಿಸಮ ಇರಬೇಕು. ಇಲ್ಲದಿದ್ದರೆ ಆ ಪ್ರಶ್ನೆ ಅಳೆಯುತ್ತಿರುವುದು ನೆನಪನ್ನಲ್ಲ, ಬೇರೆ ಏನನ್ನೋ.

ರೇಷ್ಮಾ ಅಲ್ಲಿಯವರೆಗೆ ಟೆಸ್ಟ್ ಆದವರೆಲ್ಲರ ಅಂಕ ತೆಗೆದು ಒಂದೊಂದೇ ಪ್ರಶ್ನೆಗೆ ಗ್ರಾಫ್ ಹಾಕಿದಳು. ಶಾಲೆಗೆ ಹೋದವರಿಗೆ ಒಂದು ಗೆರೆ, ಹೋಗದವರಿಗೆ ಒಂದು ಗೆರೆ. ಗೆರೆ ಮೇಲಿದ್ದಷ್ಟೂ ಸರಿಯುತ್ತರ ಹೆಚ್ಚು.

'ಮೂರು ಶಬ್ದ ನೆನಪಿಟ್ಟುಕೊಂಡು ಆಮೇಲೆ ಹೇಳಿ' ಎಂಬ ಪ್ರಶ್ನೆಯಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತವು.

ಆದರೆ ಚಿತ್ರ ಬಿಡಿಸುವುದು, ವಾಕ್ಯ ಬರೆಯುವುದು, ಏಳೇಳು ಕಳೆಯುವುದು... ಇವುಗಳಲ್ಲಿ ಒಂದು ಗೆರೆ ಎಲ್ಲೋ ಕೆಳಗೆ ಉಳಿದಿತ್ತು.

ರೇಷ್ಮಾ ಲೆಕ್ಕವನ್ನು ಇನ್ನೊಮ್ಮೆ ಮೊದಲಿನಿಂದ ಮಾಡಿ ನೋಡಿದಳು.

ಏಕೆಂದರೆ ಆ ಟೆಸ್ಟ್ ರೂಪಿಸಿದವರು ಅವಳ ಮೇಲಧಿಕಾರಿ ಡಾ. ಗಲಗಲಿ. ವರ್ಷಗಟ್ಟಲೆ ದುಡಿದು ತಯಾರಿಸಿದ್ದರು. ಇನ್ನೇನು ನಿವೃತ್ತಿ... ಅಷ್ಟರಲ್ಲಿ ಟೆಸ್ಟ್ ತಾಲೂಕು ಆಸ್ಪತ್ರೆಗಳಿಗೆಲ್ಲ ಹೋಗುವುದಿತ್ತು.

ಹೊಸ ಕೆಲಸ. ಹೇಳಿದರೆ ಏನಾಗುತ್ತದೋ... ಹೇಳದಿದ್ದರೆ ಊರೂರಲ್ಲಿ ಎಷ್ಟು ಫಕೀರವ್ವಂದಿರೋ...

ಗ್ರಾಫ್ ಹಿಡಿದುಕೊಂಡು ಅವರ ಕೋಣೆಗೆ ಹೋದಳು.

ಡಾಕ್ಟರು ಗ್ರಾಫುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಬೆರಳಿಟ್ಟು ಕೇಳಿದರು...

"ಈ ಕೆಳಗಿನ ಗೆರಿ ಯಾರ್ದು?"

"ಶಾಲೆಗೆ ಹೋಗದೇ ಇರೋರದು, ಸರ್."

ಡಾಕ್ಟರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಕಣ್ಣು ತುಂಬಿತ್ತು.

"ನಮ್ಮವ್ವನೂ ಸಾಲಿಗೆ ಹೋದಾಕಿ ಅಲ್ಲ. ಇವತ್ತು ಇದ್ದಿದ್ರ ನನ್ನ ಟೆಸ್ಟಿನ್ಯಾಗ ಆಕಿನೂ ಈ ಕೆಳಗಿನ ಗೆರಿ ಮ್ಯಾಲೇ ಇರ್ತಿದ್ಲು. ಆಕಿಗೂ ಮರವಿನ ರೋಗ ಅಂತ ಬರೀತಿದ್ನೇನೋ..."

ಗ್ರಾಫನ್ನು ಅವಳ ಕೈಗೆ ವಾಪಸ್ ಕೊಟ್ಟು ಹೇಳಿದರು, "ಚಲೋ ಕೆಲಸ ಮಾಡೀದಿ, ತಂಗಿ. ಟೆಸ್ಟ್ ಕಳಸೋದು ನಿಲ್ಲಿಸು. ನಾ ಹೇಳೀನಿ ಅಂತ ಹೇಳು."

ಆ ಪ್ರಶ್ನೆಗಳನ್ನು ತೆಗೆದರು. ಓದು ಬರಹ ಬೇಡದ ಪ್ರಶ್ನೆಗಳನ್ನು ಹಾಕಿದರು. ಅವನ್ನೂ ನೂರಾರು ಜನರ ಮೇಲೆ ನೋಡಿ, ರೇಷ್ಮಾ ಮತ್ತೆ ಗ್ರಾಫ್ ಹಾಕಿದಳು. ಈ ಸಲ ಗೆರೆಗಳು ಹತ್ತಿರ ಬಂದವು.

ಫಕೀರವ್ವನಿಗೆ ಮತ್ತೆ ಟೆಸ್ಟ್ ಆಯಿತು, ಬೇರೆ ತಪಾಸಣೆಗಳೂ ಆದವು. ಅಜ್ಜಿಗೆ ಕಾಯಿಲೆ ಇರಲಿಲ್ಲ. ಇದ್ದದ್ದು ವಯಸ್ಸಿನ ಸಣ್ಣಪುಟ್ಟ ಮರೆವು ಮಾತ್ರ.

ಈ ಸುದ್ದಿಯನ್ನು ಡಾಕ್ಟರು ಫೋನಿನಲ್ಲಿ ಹೇಳಲಿಲ್ಲ. ರೇಷ್ಮಾಳನ್ನು ಕರೆದುಕೊಂಡು ತಾವೇ ಅಜ್ಜಿಯ ಮನೆಗೆ ಹೋದರು.

ಚಾಪೆಯ ಮೇಲೆ ಅಜ್ಜಿಯ ಎದುರಿಗೆ ಕೂತು ಕೈ ಮುಗಿದರು.

"ತಾಯಿ, ನಿಮ್ಮ ನೆನಪು ಸರಿ ಅದ. ತಪ್ಪಿದ್ದದ್ದು ನನ್ನ ಪ್ರಶ್ನಿ."

ಫಕೀರವ್ವ ಈ ಸಲ ಸೊಸೆಯ ಮುಖ ನೋಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಡಾಕ್ಟರನ್ನೇ ಕೇಳಿದಳು...

"ನನ್ನಂಗ ಪೆನ್ಸಿಲ್ ಹಿಡ್ಕೊಂಡು ಕುಂತ ಮುದಕ್ಯಾರು ಇನ್ನೂ ಇದ್ದಾರಲ್ರೀ... ಅವ್ರ ಮನಿಗೂ ಹೋಗ್ತೀರಿಲ್ಲೋ?"

ಡಾಕ್ಟರು ಆ ಮನೆಗಳಿಗೂ ಹೋದರು. ನಿವೃತ್ತಿಯಾದ ಮೇಲೂ ಹೋಗುತ್ತಲೇ ಇದ್ದರು. ಹೊಸ ಟೆಸ್ಟ್ ಮಾಡಿ ನೋಡಿದಾಗ ಕೆಲವರಿಗೆ ನಿಜಕ್ಕೂ ಕಾಯಿಲೆ ಇತ್ತು, ಅವರಿಗೆ ಚಿಕಿತ್ಸೆ ಮುಂದುವರಿಯಿತು.

ಉಳಿದ ಮನೆಗಳಲ್ಲಿ ಅಜ್ಜಿಯಂದಿರು ಮತ್ತೆ ಧೈರ್ಯವಾಗಿ ಮಾತಾಡತೊಡಗಿದರು...

*ಉತ್ತರ ತಪ್ಪಾದಾಗ ಮನುಷ್ಯನನ್ನು ಅಳೆಯುವ ಮೊದಲು, ನಮ್ಮ ಪ್ರಶ್ನೆಯನ್ನು ಅಳೆಯೋಣ.*

ನಿಮ್ಮ ಮನೆಯಲ್ಲಿ, ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಆಫೀಸಿನಲ್ಲಿ... ತಪ್ಪು ಪ್ರಶ್ನೆ ಕೇಳಿ ನೀವು ಸುಮ್ಮನಾಗಿಸಿದವರು ಯಾರಾದರೂ ಇದ್ದಾರೆಯೇ?