ಹಿರಿಮಗನ ನಮಸ್ಕಾರ

ಅತ್ತೆ ತೀರಿಕೊಂಡರೆಂಬ ಸುದ್ದಿ ಬಂದ ಬೆಳಿಗ್ಗೆ ಮಾಲ್‌ಸುನ್ ಮೊದಲು ನೋಡಿದ್ದು ಗಂಡನ ಕಾಲುಗಳನ್ನು. ಪಾರ್ಕಿನ್ಸನ್ ಕಾಯಿಲೆ ಹಿಡಿದ ಮೇಲೆ ದೊಕ್‌ಸುವಿನ ಕಾಲುಗಳು ಗುಳಿಗೆಯ ಮಾತನ್ನಷ್ಟೇ ಕೇಳುತ್ತಿದ್ದವು. ಹಿರಿಮಗನಾದವನು ತಾಯಿಯ ಪಟದ ಮುಂದೆ ನೆಲಕ್ಕೆ ಹಣೆಯಿಡಬೇಕು, ಬಂದವರೊಬ್ಬೊಬ್ಬರಿಗೂ ಬಾಗಬೇಕು.

“ಅಣ್ಣಾ, ನೀನು ಕುರ್ಚಿ ಮೇಲೆ ಕೂತ್ಕೋ. ಬಗ್ಗೋದು ಏಳೋದು ನನಗೆ ಬಿಡು,” ಎಂದ ತಮ್ಮ ಪಿಲ್‌ಜೇ.

“ಹೆತ್ತವಳನ್ನ ಕುರ್ಚಿ ಮೇಲೆ ಕೂತು ಕಳಿಸ್ಲಾ? ನಾನೇ ಮಾಡ್ತೀನಿ. ನೀನು ಹೋಗಿ ಬಂದವರಿಗೆ ಸಾರು ಬಡಿಸು.”

ತೊಂಬತ್ತಾರು ತುಂಬಿ, ಉಂಡು ಮಲಗಿದಲ್ಲೇ ಹೋದ ಜೀವ. ಅವರ ಊರಾದ ಆಂಡೋಂಗ್‌ನಲ್ಲಿ ಇಂಥ ಸಾವಿಗೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಾವಿನ ವಿಧಿಗೆಂದೇ ಇದ್ದ ಹಜಾರದಲ್ಲಿ ಬಿಸಿ ಮಾಂಸದ ಸಾರು, ಅಕ್ಕಿ ಹೆಂಡ, ನಗೆಮಾತು ಎಲ್ಲವೂ ನಡೆದವು. ಆ ಗದ್ದಲದಲ್ಲಿ ಮಧ್ಯಾಹ್ನದ ಗುಳಿಗೆ ಮಾಲ್‌ಸುನ್‌ಳ ಚೀಲದಲ್ಲೇ ಉಳಿಯಿತು.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಪಟದ ಮುಂದೆ ಬಾಗಿದರು. ಎರಡನೆಯ ನಮಸ್ಕಾರಕ್ಕೆ ನೆಲ ಮುಟ್ಟಿದ ದೊಕ್‌ಸು ಏಳಲಿಲ್ಲ. ಹಿರಿಯ ತಲೆಯೆತ್ತದೆ ಕಿರಿಯರು ತಲೆಯೆತ್ತುವಂತಿಲ್ಲ. ತಮ್ಮ, ತಂಗಿಯರು, ಸೊಸೆಯರು, ಮೊಮ್ಮಕ್ಕಳು ಎಲ್ಲರ ಹಣೆಯೂ ನೆಲದ ಮೇಲೆಯೇ. ಪಾಪ, ದುಃಖ ಉಕ್ಕಿ ಬಂದಿರಬೇಕೆಂದು ಎಲ್ಲರೂ ತಾಳಿಕೊಂಡರು.

“ದೊಡ್ಡಪ್ಪ ನಿದ್ದೆ ಹೋದ್ರಾ?” ಎಂದು ಪಿಲ್‌ಜೇಯ ಮಗಳು ಹಿಂದಿನಿಂದ ಪಿಸುಗುಟ್ಟಿದಳು.

ಮಾಲ್‌ಸುನ್‌ಗೆ ಚೀಲದಲ್ಲೇ ಉಳಿದ ಗುಳಿಗೆ ನೆನಪಾಯಿತು. ಮೊಣಕಾಲಲ್ಲೇ ತೆವಳಿ ಗಂಡನ ಬಳಿ ಬಂದಳು. ಮುಖ ಮರಗಟ್ಟಿತ್ತು, ಒಂದು ಬೆರಳೂ ಅಲುಗುತ್ತಿರಲಿಲ್ಲ.

“ಮೈಗೆಲ್ಲ ಬೀಗ ಬಿದ್ದಿದೆ ಕಣೇ,” ಎಂದ, ದನಿಯೇ ಇಲ್ಲದ ದನಿಯಲ್ಲಿ.

ಪಿಲ್‌ಜೇ ಅಣ್ಣನ ಭುಜ ಎತ್ತಿ ಹಿಡಿದ. ಅವಳು ಗುಳಿಗೆ ನುಂಗಿಸಿದಳು.

“ಅತ್ತಿಗೆ, ಡಾಕ್ಟರು ಮೇಲಿನ ಮಹಡೀಲೇ ಇದ್ದಾರೆ. ಹೊತ್ಕೊಂಡು ಹೋಗ್ತೀನಿ.”

“ಬೇಡ,” ಎಂದ ದೊಕ್‌ಸು. “ಇಳಿಸು. ನಮಸ್ಕಾರ ಅರ್ಧಕ್ಕೆ ನಿಂತಿದೆ.”

“ಗುಳಿಗೆ ಹತ್ತೋವರೆಗೆ ಕಾಯ್ತೀನಿ ರೀ. ಹತ್ತಲಿಲ್ಲ ಅಂದ್ರೆ ನಿಮ್ಮ ಮಾತು ಕೇಳಲ್ಲ,” ಎಂದಳು ಮಾಲ್‌ಸುನ್.

ಪಿಲ್‌ಜೇ ಅಣ್ಣನನ್ನು ಮೆಲ್ಲಗೆ ಇಳಿಸಿ, ಅವನ ಪಕ್ಕದಲ್ಲೇ ಮತ್ತೆ ಹಣೆಯೂರಿದ. ಕಾದು ಕಾದು ಬೇಸತ್ತು ಬಾಯಿಬಿಟ್ಟ. “ಹಿರಿಯರ ಎಡೆಯಿಂದ ಎಳ್ಳಿನ ಕಡುಬು ಕದ್ದಾಗ್ಲೂ ಅಮ್ಮ ನಮ್ಮನ್ನ ಹೀಗೇ ಮಂಡಿಯೂರಿಸಿದ್ದಳು. ಕದ್ದೋನು ನೀನು, ಜೊತೇಲಿ ಬಿದ್ದೋನು ನಾನು.”

“ಎಳ್ಳು ನಿನ್ನ ಗಲ್ಲಕ್ಕೆ ಅಂಟಿತ್ತಲ್ಲೋ, ಪೆದ್ದ!”

ದೊಕ್‌ಸುವಿಗೆ ದನಿ ಬಂದಿತ್ತು! ಮೊದಲು ತಂಗಿಯರು ಕಿಸಕ್ಕೆಂದರು, ಆಮೇಲೆ ಸೊಸೆಯರು. ತಲೆಯೆತ್ತುವಂತಿಲ್ಲ, ಗಟ್ಟಿಯಾಗಿ ನಗುವಂತಿಲ್ಲ. ಸಾಲುಸಾಲು ಬೆನ್ನುಗಳು ಕುಲುಕಾಡಿದವು. ಆಗಷ್ಟೇ ಬಾಗಿಲಿಗೆ ಬಂದ ನೆರೆಮನೆಯ ಮುದುಕಿ, “ಅಯ್ಯೋ, ಹೆಂಗೆ ಬಿಕ್ಕಿ ಬಿಕ್ಕಿ ಅಳ್ತಿದಾವೆ ಮಕ್ಕಳು! ಪುಣ್ಯವಂತೆ ಕಣಮ್ಮ ನೀನು,” ಎಂದು ಪಟದತ್ತ ನೋಡಿ ಕಣ್ಣೊರೆಸಿಕೊಂಡು ತಾನೂ ನೆಲಕ್ಕೆ ಬಾಗಿದಳು. ಒಳಗಿದ್ದವರಿಗೆ ನಗು ತಡೆಯುವುದು ಇನ್ನೂ ಕಷ್ಟವಾಯಿತು.

ದೊಕ್‌ಸುವಿನ ಹೆಬ್ಬೆರಳು ಅಲುಗಿತು. ಆಮೇಲೆ ಅಂಗೈ, ಆಮೇಲೆ ಮಂಡಿ. ಯಾರ ಕೈಯನ್ನೂ ಹಿಡಿಯದೆ ಅವನು ಎದ್ದು ನಿಂತ. ಅವನ ಹಿಂದೆ ಇಡೀ ಮನೆತನ ಎದ್ದಿತು.

ಅವನು ಪಟದತ್ತ ಕೈಮುಗಿದ. “ಅಮ್ಮಾ, ಇಷ್ಟು ಹೊತ್ತು ನಿನ್ನ ಕಾಲ ಹತ್ರ ಮಲಗಿ ಎಷ್ಟು ವರ್ಷ ಆಗಿತ್ತೋ! ಇನ್ನು ಅಮಿತಾಭ ಬುದ್ಧ ನಿನ್ನನ್ನ ಕರಕೊಂಡು ಹೋಗ್ಲಿ. ನೆಮ್ಮದಿಯಾಗಿ ಹೋಗು.”