ಮೂರನೆಯ ಸಾಲು

"ತಾತ, ನಿಮ್ಮ ಮೂರನೇ ಸಾಲು ಗೆದ್ದುಬಿಡ್ತು!" ಎನ್ನುತ್ತ ಸಸ್ಯವಿಜ್ಞಾನಿ ಡಾಕ್ಟರಮ್ಮ ಗಾಜಿನ ಕೋಣೆಗೆ ನುಗ್ಗಿದಾಗ, ಮಾಲಿ ತಾತ ಕುಂಡಗಳಿಗೆ ನೀರು ಅಳೆದು ಹಾಕುತ್ತಿದ್ದ.

ಎರಡು ವರ್ಷದಿಂದ ಆ ಕೋಣೆಯ ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಬೆರೆಸುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೆ ಲೋಕದ ಗಾಳಿ ಹೇಗಿದ್ದೀತೋ ಹಾಗೆ. ಒಂದೊಂದು ಸಾಲಿಗೆ ಒಂದೊಂದು ಮರದ ಬೀಜ. ಸಸಿಗಳೇನೋ ಮಾಮೂಲಿ ಗಾಳಿಯಿದ್ದ ಪಕ್ಕದ ಕೋಣೆಯವಕ್ಕಿಂತ ಮೊಳ ಎತ್ತರ ಬೆಳೆದಿದ್ದವು. ಆದರೆ ಎಲೆ ಬಿಳಿಚಿತ್ತು, ಸಾರಜನಕ ಕಡಿಮೆ. ಮೂರನೆಯ ಸಾಲಿನ ಹತ್ತು ಮಾತ್ರ ಕಡುಹಸಿರು.

"ಇಂಥ ಗಾಳೀಲೂ ಇವುಗಳ ಬೇರು ಸಾರ ಹೀರ್ತಾವೆ ತಾತ. ಇವುಗಳ ತಾಯಿಮರದ ಬೀಜಾನೇ ಎಲ್ಲಾ ಕಡೆ ನೆಡಬೇಕು ಅಂತ ಮಧ್ಯಾಹ್ನ ವರದಿ ಕಳಿಸ್ತೀನಿ."

ತಾತನ ಕೈ ತಡೆಯಿತು. ಆ ಸಾಲನ್ನು ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ. ಅವಳು ಹೋಗಿ ಮೂರು ವಾರ. ಸತ್ತವರ ತಪ್ಪು ಆಡಬಾರದು ಎನ್ನುತ್ತಾರೆ. ಸುಳ್ಳಿನ ಮೇಲೆ ಕಾಡು ಬೆಳೆಸಬಹುದು ಎಂದು ಯಾರೂ ಹೇಳಿಲ್ಲ. ದೇವರೇ, ನಾಲಿಗೆಗೆ ಬಲ ಕೊಡು ಎಂದುಕೊಂಡು ಕುಂಡಗಳ ಹಿಂದಿನಿಂದ ಒಂದು ಸೌಟು ತೆಗೆದ.

"ನಮ್ಮವಳದು. ವಾರಕ್ಕೊಂದ್ಸಲ, ಸಸಿಗೊಂದು ಸೌಟು ಗೊಬ್ಬರದ ನೀರು."

"ಗೊಬ್ಬರಾನಾ? ಹಾಕ್ಬಾರ್ದು ಅಂತ ಬಾಗಿಲ ಮೇಲೇ ಬರೆಸಿದ್ದೆನಲ್ಲ!"

"ಅವಳಿಗೆ ಓದಿ ಹೇಳ್ದೆ. 'ಡಾಕ್ಟರಮ್ಮ ಇನ್ನೂ ಮಕ್ಕಳನ್ನ ಸಾಕಿಲ್ಲ, ಅದಕ್ಕೇ ಹಾಗೆ ಬರೆಸಿದಾರೆ' ಅಂದ್ಲು. ನಾನು ನೋಡಿಯೂ ನೋಡದ ಹಾಗಿದ್ದೆ. ತಪ್ಪು ನಂದೂ ಹೌದು."

ಡಾಕ್ಟರಮ್ಮ ಬೋರಲು ಹಾಕಿದ್ದ ಕುಂಡದ ಮೇಲೆ ಕುಳಿತಳು. "ಎರಡು ವರ್ಷ ತಾತ! ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಉಳಿದ ಸಾಲುಗಳು ನಿಜಾನೇ ಹೇಳ್ತಾವಮ್ಮ. ಇದೊಂದನ್ನ ಮತ್ತೆ ಬಿತ್ತೋಣ. ಇವತ್ತೇ."

"ಇನ್ನೆರಡು ವರ್ಷ... ನಿಮ್ಮ ಕೈಲಾಗುತ್ತಾ?"

"ಆಗದೆ ಏನು? ಇದನ್ನ ಸರಿಮಾಡದೆ ಹೋದ್ರೆ ಅವಳು ಅಲ್ಲಿ ನನ್ನ ಒಳಗೇ ಬಿಟ್ಕೊಳ್ಳಲ್ಲ."

ಡಾಕ್ಟರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಕೈಯಲ್ಲಿದ್ದ ವರದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟಳು. ಪಕ್ಕದ ಸಾಲಿನ ಬಿಳಿಚಿದ ಎಲೆಯೊಂದನ್ನು ಹಿಡಿದು ಕೇಳಿದಳು: "ಎಲೆ ಬಿಳಿಚಿದ್ದೇ ಈ ವರ್ಷ. ಅಜ್ಜಿ ಯಾವಾಗಿಂದ ಗೊಬ್ಬರ ಹಾಕ್ತಿದ್ರು?"

"ಮೊದಲನೇ ತಿಂಗಳಿಂದ. 'ಇಷ್ಟು ಬೇಗ ಉದ್ದ ಆಗೋ ಮಕ್ಕಳು ಹಸಿದಿರ್ತಾವೆ ಕಣ್ರೀ' ಅಂತಿದ್ಲು."

ಅದೇ ಮಧ್ಯಾಹ್ನ ತಾತ ಹತ್ತು ಕುಂಡಗಳಿಗೆ ಹೊಸ ಮಣ್ಣು ತುಂಬಿ ಬೀಜ ಊರಿದ. ಅಳೆದ ನೀರಿಗಿಂತ ಒಂದು ಹನಿಯೂ ಹೆಚ್ಚು ಹಾಕಲಿಲ್ಲ. ಆಮೇಲೆ ಸೌಟನ್ನು ಬೂದಿ ಹಾಕಿ ಫಳಫಳ ತಿಕ್ಕಿ ತೊಳೆದು, ಬಾಗಿಲ ಮೇಲೆ 'ಗೊಬ್ಬರ ಹಾಕಬಾರದು' ಎಂಬ ಹಲಗೆ ತೂಗುತ್ತಿದ್ದ ಮೊಳೆಗೇ ನೇತುಹಾಕಿದ.